ಸುಸ್ಥಿರತಾ ವರದಿಯನ್ನು ಕೊನೆಯ ಪುಟದಿಂದ ಓದಿ

ಪ್ರಶ್ನೆ: ನಾನು ಹೊಸಪೇಟೆ ಕಡೆಯ ಒಂದು ಹಳ್ಳಿಯವಳು. ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನಮ್ಮೂರಿಂದ ಐದಾರು ಕಿಲೋಮೀಟರ್ ದೂರದಲ್ಲಿ ದೊಡ್ಡದೊಂದು ಉಕ್ಕಿನ ಕಾರ್ಖಾನೆ ಇದೆ. ತಮ್ಮ ಅಲ್ಲೇ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಕಂಪನಿಯವರು ಪ್ರತಿವರ್ಷ ಸುಸ್ಥಿರತಾ ವರದಿ ಅಂತ ದಪ್ಪ ಪುಸ್ತಕ ಹೊರಡಿಸುತ್ತಾರೆ. ತುಂಬಾ ಹಸಿರು ಫೋಟೋ, ನಗುವ ಮಕ್ಕಳು. ನಮ್ಮ ಶಾಲೆಗೂ ಬೆಂಚು ಕೊಟ್ಟಿದ್ದಾರೆ, ಅದನ್ನು ಮರೆಯಲ್ಲ. ಆದರೆ ಇಷ್ಟು ದೊಡ್ಡ ಕಂಪನಿ ಪರಿಸರ ಮತ್ತು ಜನರ ವಿಷಯದಲ್ಲಿ ನಿಜವಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ನಮ್ಮಂಥವರು ತಿಳಿದುಕೊಳ್ಳೋದು ಹೇಗೆ?

ಉತ್ತರ: ಟೀಚರ್, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಉಕ್ಕು ಮತ್ತು ಸಿಮೆಂಟ್ ಕಾರ್ಖಾನೆಗಳ ಪರಿಸರ ವಿಭಾಗದಲ್ಲಿ ಕೆಲಸ ಮಾಡಿದವನು. ಇಂಥ ವರದಿಗಳಿಗೆ ಅಂಕಿಅಂಶ ತುಂಬಿ ಕೊಟ್ಟವನೂ ಹೌದು. ಅಷ್ಟು ವರ್ಷದಲ್ಲಿ ಅರ್ಥವಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಲಾಭ ಮಾಡಿದ ಮೇಲೆ ಏನು ಕೊಟ್ಟಿತು ಅಂತ ಆಮೇಲೆ ನೋಡಿ. ಆ ಲಾಭ ಹೇಗೆ ಬಂತು ಅಂತ ಮೊದಲು ನೋಡಿ. ಕುಲುಮೆಗೆ ಏನು ಹಾಕಿದರು, ಚಿಮಣಿಯಿಂದ ಏನು ಹೊರಗೆ ಹೋಯಿತು, ನೀರು ಎಲ್ಲಿಂದ ತಂದರು, ಕೆಲಸ ಮಾಡಿದವರು ಸಂಜೆ ಹೇಗೆ ಮನೆಗೆ ಹೋದರು. ಇವೆಲ್ಲ ವರದಿಯಲ್ಲಿ ಇರುತ್ತವೆ, ಆದರೆ ಹಿಂದಿನ ಪುಟಗಳಲ್ಲಿ, ಸಣ್ಣ ಅಕ್ಷರದ ಕೋಷ್ಟಕಗಳಲ್ಲಿ. ಅದಕ್ಕೇ ವರದಿಯನ್ನು ಕೊನೆಯಿಂದ ಓದಿ ಅಂದಿದ್ದು.

ನಿಮ್ಮ ಶಾಲೆಯ ಬೆಂಚಿನ ಲೆಕ್ಕ ಮೊದಲು ಮುಗಿಸೋಣ. 2013ರ ಕಂಪನಿ ಕಾಯ್ದೆಯ 135ನೇ ಕಲಮು ಇದೆ. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ಲಾಭ 5 ಕೋಟಿ, ಇದರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದನ್ನೇ ಸಿಎಸ್‌ಆರ್ ಅನ್ನೋದು. ಶಾಲೆಯ ಬೆಂಚು, ಶುದ್ಧ ನೀರಿನ ಘಟಕ, ಹೊಲಿಗೆ ತರಬೇತಿ ಎಲ್ಲ ಈ ಲೆಕ್ಕದಲ್ಲಿ ಬರುತ್ತವೆ. ಒಳ್ಳೆಯ ಕೆಲಸವೇ. ಆದರೆ ಅದು ಕಾನೂನು ಹೇಳಿದ ಹಣ, ಅದರಲ್ಲಿ ಯಾರಿಗೂ ಋಣ ಅಂತ ಇಲ್ಲ. ಬೆಂಚು ಕೊಟ್ಟರು ಅಂತ ಧೂಳಿನ ಬಗ್ಗೆ ಕೇಳಲು ಮುಜುಗರ ಪಡಬೇಕಾಗಿಲ್ಲ. ನಾನು ಎಷ್ಟೋ ಊರಿನ ಸಭೆಗಳಲ್ಲಿ ಇದನ್ನು ನೋಡಿದ್ದೇನೆ. ಊರಿನ ಹಿರಿಯರು ಎದ್ದು ನಿಂತು ಮೊದಲು ದೇವಸ್ಥಾನಕ್ಕೆ ಕೊಟ್ಟ ದೇಣಿಗೆಗೆ ಕೈಮುಗಿದು, ಆಮೇಲೆ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು ಕೂತುಬಿಡುತ್ತಾರೆ. ಶೇ 2 ಅವರ ಬಾಯಿ ಕಟ್ಟಿತು. ಉಳಿದ ಶೇ 98ರ ಬಗ್ಗೆ ಯಾರೂ ಕೇಳಲೇ ಇಲ್ಲ.

ಈಗ ಕುಲುಮೆಗೆ ಬರೋಣ. ನೀವು ವಿಜ್ಞಾನದ ಟೀಚರ್, ಇದನ್ನು ಮಕ್ಕಳಿಗೂ ಹೇಳಬಹುದು. ಸಂಡೂರಿನ ಕೆಂಪು ಅದಿರು ಅಂದರೆ ಕಬ್ಬಿಣ ಮತ್ತು ಆಮ್ಲಜನಕ ಗಟ್ಟಿಯಾಗಿ ಅಂಟಿಕೊಂಡಿರುವ ಕಲ್ಲು. ಕಬ್ಬಿಣ ಬೇಕಾದರೆ ಆ ಆಮ್ಲಜನಕವನ್ನು ಬಿಡಿಸಬೇಕು. ಬಿಡಿಸೋಕೆ ಇನ್ನೊಂದು ವಸ್ತು ಅದನ್ನು ಎಳೆದುಕೊಳ್ಳಬೇಕು. ಬ್ಲಾಸ್ಟ್ ಫರ್ನೇಸಿನಲ್ಲಿ, ಅಂದರೆ ಅದಿರು ಕರಗಿಸುವ ದೊಡ್ಡ ಕುಲುಮೆಯಲ್ಲಿ, ಆ ಕೆಲಸ ಮಾಡೋದು ಕೋಕ್, ಅಂದರೆ ಬೇಯಿಸಿದ ಕಲ್ಲಿದ್ದಲು. ಒಂದು ಟನ್ ಕಬ್ಬಿಣಕ್ಕೆ ಸುಮಾರು 1.6 ಟನ್ ಅದಿರು ಬೇಕು. ಕೋಕ್ ಮತ್ತು ಪುಡಿ ಕಲ್ಲಿದ್ದಲು ಸೇರಿ ಅರ್ಧ ಟನ್ ಹೋಗುತ್ತದೆ. ಕಲ್ಲಿದ್ದಲಿನ 12 ಕೆಜಿ ಇಂಗಾಲ ಆಮ್ಲಜನಕದ ಜೊತೆ ಸೇರಿ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಬರುತ್ತದೆ. ಹಾಗಾಗಿಯೇ ಅರ್ಧ ಟನ್ ಕಲ್ಲಿದ್ದಲು ಸುಟ್ಟರೂ ಅನಿಲ ಒಂದೂವರೆ ಟನ್ ದಾಟುತ್ತದೆ. ಕೋಕ್ ಬೇಯಿಸುವ ಓವನ್, ಅದಿರಿನ ಪುಡಿ ಗಟ್ಟಿ ಮಾಡುವ ಸಿಂಟರ್ ಘಟಕ, ಉಕ್ಕನ್ನು ಹಾಳೆ, ಕಂಬಿ ಮಾಡುವ ರೋಲಿಂಗ್ ಮಿಲ್, ವಿದ್ಯುತ್ ಎಲ್ಲ ಸೇರಿದರೆ ಎರಡು ಟನ್ನಿಗೂ ಜಾಸ್ತಿ. ಭಾರತದ ಸರಾಸರಿ, ಒಂದು ಟನ್ ಉಕ್ಕಿಗೆ ಸುಮಾರು 2.5 ಟನ್. ಪ್ರಪಂಚದ ಸರಾಸರಿ 1.9ರ ಆಸುಪಾಸು.

ಅಂದರೆ ಉಕ್ಕಿನ ಕಂಪನಿಯೊಂದು ಪರಿಸರದ ಬಗ್ಗೆ ಏನೇ ಹೇಳಿದರೂ ಅದರ ಎದೆಯೊಳಗೆ ಈ ರಸಾಯನ ಕೂತಿದೆ. ಆಫೀಸಿನ ಬಲ್ಬ್ ಬದಲಿಸಿದ್ದು, ಕ್ಯಾಂಟೀನಿನಲ್ಲಿ ಪ್ಲಾಸ್ಟಿಕ್ ಲೋಟ ಬಿಟ್ಟಿದ್ದು ವರದಿಯಲ್ಲಿ ಬಂದರೆ ಬೇಗ ಪುಟ ತಿರುಗಿಸಿ. ಕುಲುಮೆಯಲ್ಲಿ ಏನು ಬದಲಾಯಿತು ಅಂತ ಹುಡುಕಿ.

ಅಲ್ಲಿ ಮಾಡೋಕೆ ನಿಜವಾಗಿಯೂ ಬಹಳಷ್ಟು ಇದೆ. ಒಂದೆರಡನ್ನು ಹತ್ತಿರದಿಂದ ತೋರಿಸುತ್ತೇನೆ. ಕೋಕ್ ಓವನ್ನಿಂದ ಹೊರಗೆ ಬೀಳುವಾಗ ಕೋಕ್ ಸುಮಾರು 1,000 ಡಿಗ್ರಿ ಬಿಸಿ ಇರುತ್ತದೆ, ಕೆಂಡದ ಗೋಡೆಯೇ ಕುಸಿದ ಹಾಗೆ. ಹಳೆಯ ಪದ್ಧತಿಯಲ್ಲಿ ಅದರ ಮೇಲೆ ನೀರು ಸುರಿಯುತ್ತಿದ್ದರು. ಒಂದೇ ನಿಮಿಷದಲ್ಲಿ ಬೆಳ್ಳಗಿನ ಹಬೆ ಮೋಡದ ಹಾಗೆ ಏಳುತ್ತಿತ್ತು. ಜೊತೆಗೆ ಧೂಳು, ವಾಸನೆ. ಆ ಶಾಖವೆಲ್ಲ ಗಾಳಿಗೆ, ನೀರೂ ಗಾಳಿಗೆ. ಈಗ ದೊಡ್ಡ ಕಾರ್ಖಾನೆಗಳಲ್ಲಿ ಡ್ರೈ ಕ್ವೆಂಚಿಂಗ್ ಇದೆ. ಮುಚ್ಚಿದ ಕೋಣೆಯಲ್ಲಿ ನೈಟ್ರೋಜನ್ ಹಾಯಿಸಿ ಕೋಕ್ ತಣ್ಣಗಾಗಿಸುತ್ತಾರೆ, ಆ ಬಿಸಿ ಅನಿಲದಿಂದ ಬಾಯ್ಲರ್‌ನಲ್ಲಿ ಹಬೆ ಮಾಡಿ ಕರೆಂಟ್ ತೆಗೆಯುತ್ತಾರೆ. ನೀರು ಉಳಿಯಿತು, ಕರೆಂಟ್ ಬಂತು, ಊರಿನ ಕಡೆ ಹೋಗುವ ಮೋಡ ಕಡಿಮೆಯಾಯಿತು. ಆದರೆ ಇದಕ್ಕೆ ನೂರಾರು ಕೋಟಿ ಹೂಡಿಕೆ ಬೇಕು. ಹಾಗೇ ಫರ್ನೇಸಿನ ನೆತ್ತಿಯಿಂದ ಒತ್ತಡದಲ್ಲಿ ಬರುವ ಅನಿಲವನ್ನು ಸುಮ್ನೆ ಬಿಡದೆ ಟರ್ಬೈನ್ ತಿರುಗಿಸಿ, ಆಮೇಲೆ ಅದೇ ಅನಿಲವನ್ನು ಉರಿಸಿ ಇನ್ನೊಂದು ಸುತ್ತು ಶಕ್ತಿ ಪಡೆಯುವುದೂ ಇದೆ. ಇಂಥ ಯಂತ್ರಗಳಿಗೆ ಹಣ ಹಾಕಿದ್ದಾರಾ, ಯಾವ ವರ್ಷ ಚಾಲೂ ಆಯಿತು, ಎಷ್ಟು ಮೆಗಾವಾಟ್ ಬರುತ್ತಿದೆ ಅನ್ನೋದು ವರದಿಯಲ್ಲಿ ಇದ್ದರೆ ಆ ಕಂಪನಿ ಕೆಲಸ ಮಾಡುತ್ತಿದೆ ಅಂತ ಅರ್ಥ.

ಸ್ಲ್ಯಾಗ್, ಅಂದರೆ ಕಬ್ಬಿಣ ತೆಗೆದ ಮೇಲೆ ಕುಲುಮೆಯಲ್ಲಿ ಉಳಿಯುವ ಕರಗಿದ ಕಿಟ್ಟ, ಅದೂ ಹಾಗೇ. ಒಂದು ಟನ್ ಕಬ್ಬಿಣಕ್ಕೆ ಮೂರು ನಾಲ್ಕು ನೂರು ಕೆಜಿ ಸ್ಲ್ಯಾಗ್ ಬರುತ್ತದೆ. ಹಿಂದೆ ಗುಡ್ಡೆ ಹಾಕುತ್ತಿದ್ದರು. ಈಗ ಅದನ್ನು ನೀರಿನಲ್ಲಿ ಥಟ್ಟನೆ ತಣಿಸಿ ಪುಡಿ ಮಾಡಿ ಸಿಮೆಂಟಿಗೆ ಬೆರೆಸುತ್ತಾರೆ. ಮರಳಿನ ಬದಲು ಕಾಂಕ್ರೀಟಿಗೂ ಹಾಕಬಹುದು ಅಂತ 2016ರ ಭಾರತೀಯ ಮಾನಕದಲ್ಲೇ ಇದೆ. ಸ್ಲ್ಯಾಗ್ ಮರಳು ಒಂದು ಲೋಡು ಹೆಚ್ಚು ಹೋದರೆ ತುಂಗಭದ್ರೆಯ ಮರಳು ಒಂದು ಲೋಡು ಉಳಿಯಿತು ಅಂತ ನಾನು ಲೆಕ್ಕ ಹಾಕುತ್ತೇನೆ.

ನಿಮ್ಮ ಸೀಮೆಯಲ್ಲೇ ಕಣ್ಣಿಗೆ ಕಾಣುವ ಉದಾಹರಣೆ ಒಂದಿದೆ. ತೋರಣಗಲ್ಲಿನ ಜೆಎಸ್‌ಡಬ್ಲ್ಯು ವಿಜಯನಗರ ಉಕ್ಕಿನ ಕಾರ್ಖಾನೆ ಸಂಡೂರಿನ ನಂದಿಹಳ್ಳಿ ಕಡೆಯಿಂದ 24 ಕಿಲೋಮೀಟರ್ ಉದ್ದದ ಪೈಪ್ ಕನ್ವೇಯರ್ ಹಾಕಿತು. ಅದಿರು ಕೊಳವೆಯ ಹಾಗೆ ಸುತ್ತಿಕೊಂಡ ಬೆಲ್ಟ್ ಒಳಗೇ ಬರುತ್ತದೆ. 2008, 2009ರ ಸಂಡೂರು ರಸ್ತೆ ನೋಡಿದವರಿಗೆ ಇದರ ಬೆಲೆ ಗೊತ್ತು. ಲಾರಿ ಹಿಂದೆ ಲಾರಿ, ಹಗಲಲ್ಲೂ ಹೆಡ್‌ಲೈಟ್, ರಸ್ತೆ ಬದಿಯ ಬೇವಿನ ಮರಗಳ ಎಲೆ ಇಟ್ಟಿಗೆ ಬಣ್ಣ. ಜೋಳದ ತೆನೆ ಕೂಡ ಕೆಂಪು. ಒಂದು ಬೆಲ್ಟ್ ಸಾವಿರಾರು ಲಾರಿ ಟ್ರಿಪ್ಪುಗಳನ್ನು ರಸ್ತೆಯಿಂದ ತೆಗೆಯುತ್ತದೆ. ಡೀಸೆಲ್ ಉಳಿಯುತ್ತದೆ, ಕಂಪನಿಗೂ ಸಾಗಣೆ ಖರ್ಚು ಇಳಿಯುತ್ತದೆ. ಖರ್ಚು ಇಳಿಯುತ್ತದೆ ಅಂತಲೇ ಮಾಡಿರಬಹುದು, ನನಗೆ ಅದರಲ್ಲಿ ತಕರಾರಿಲ್ಲ. ಲಾಭವೂ ಆಗಿ ಊರಿಗೂ ಒಳ್ಳೆಯದಾಗುವ ಕೆಲಸಗಳೇ ಹೆಚ್ಚು ಕಾಲ ಉಳಿಯೋದು.

ಇನ್ನು ದೊಡ್ಡ ಗುರಿಗಳ ವಿಷಯ. ಇಲ್ಲಿ ಸ್ವಲ್ಪ ಎಚ್ಚರ ಬೇಕು. ಜೆಎಸ್‌ಡಬ್ಲ್ಯು ಸ್ಟೀಲ್ 2030ರ ಹೊತ್ತಿಗೆ ಒಂದು ಟನ್ ಉಕ್ಕಿಗೆ 1.95 ಟನ್ ಇಂಗಾಲದ ಡೈಆಕ್ಸೈಡ್‌ಗೆ ಇಳಿಸುತ್ತೇವೆ ಅಂತ ಗುರಿ ಇಟ್ಟುಕೊಂಡಿದೆ. ಒಳ್ಳೆಯ ಗುರಿ. ಆದರೆ ಇದು ಒಂದು ಟನ್ನಿನ ಲೆಕ್ಕ. ಒಟ್ಟು ಲೆಕ್ಕ ಬೇರೆ. ಕರಿಹಲಗೆ ಮೇಲೆ ಹೀಗೆ ಬರೆದು ತೋರಿಸಿ: ಒಂದು ಕಾರ್ಖಾನೆ 1 ಕೋಟಿ ಟನ್ ಉಕ್ಕು ಮಾಡುತ್ತಿದ್ದಾಗ ಟನ್ನಿಗೆ 2.5 ಇತ್ತು, ಒಟ್ಟು 2.5 ಕೋಟಿ ಟನ್ ಅನಿಲ. ಆಮೇಲೆ ಟನ್ನಿಗೆ 2ಕ್ಕೆ ಇಳಿಸಿತು, ಶಭಾಷ್. ಆದರೆ ಅಷ್ಟರಲ್ಲಿ ಉತ್ಪಾದನೆ 1.7 ಕೋಟಿ ಟನ್ ಆಯಿತು. ಒಟ್ಟು 3.4 ಕೋಟಿ ಟನ್. ವರದಿಯ ಮೊದಲ ಪುಟದಲ್ಲಿ ಶೇ 20 ಕಡಿತ ಅಂತ ಇರುತ್ತದೆ, ಆಕಾಶಕ್ಕೆ ಹೋದದ್ದು ಮೂರನೇ ಒಂದು ಪಾಲಿಗಿಂತ ಜಾಸ್ತಿ ಏರಿರುತ್ತದೆ. ಎರಡೂ ಸತ್ಯ. 2017ರ ರಾಷ್ಟ್ರೀಯ ಉಕ್ಕು ನೀತಿ 2030-31ಕ್ಕೆ 30 ಕೋಟಿ ಟನ್ ಸಾಮರ್ಥ್ಯ ಬೇಕು ಅನ್ನುತ್ತದೆ, ಹಾಗಾಗಿ ಎಲ್ಲ ಕಂಪನಿಗಳೂ ಬೆಳೆಯುತ್ತಿವೆ. ದೇಶಕ್ಕೆ ಉಕ್ಕು ಬೇಡ ಅಂತ ನಾನು ಹೇಳುತ್ತಿಲ್ಲ, ನಮ್ಮ ಮನೆಯ ಛಾವಣಿಯಲ್ಲೂ ಕಂಬಿ ಇದೆ. ಆದರೆ ವರದಿ ಓದುವಾಗ ಎರಡೂ ಅಂಕಿ ಪಕ್ಕಪಕ್ಕ ಇಟ್ಟುಕೊಳ್ಳಿ.

ಹೈಡ್ರೋಜನ್ ಬಗ್ಗೆಯೂ ಕೇಳಿರುತ್ತೀರಿ. ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬಂದು ಅದಿರಿನ ಆಮ್ಲಜನಕ ಎಳೆದುಕೊಂಡರೆ ಹೊರಗೆ ಬರೋದು ನೀರಿನ ಹಬೆ. ಎಷ್ಟು ಚೆಂದ ಅಲ್ವಾ? ಸ್ವೀಡನ್ನಿನ ಹೈಬ್ರಿಟ್ ಯೋಜನೆ 2021ರ ಆಗಸ್ಟ್‌ನಲ್ಲಿ ಹೀಗೆ ಮಾಡಿದ ಮೊದಲ ಉಕ್ಕನ್ನು ವೋಲ್ವೋ ಕಂಪನಿಗೆ ಕೊಟ್ಟಿತು. ನಮ್ಮ ತೋರಣಗಲ್ಲಿನಲ್ಲೂ ವರ್ಷಕ್ಕೆ 3,800 ಟನ್ ಹಸಿರು ಹೈಡ್ರೋಜನ್, ಅಂದರೆ ಬಿಸಿಲು, ಗಾಳಿಯ ಕರೆಂಟಿನಿಂದ ನೀರನ್ನು ಒಡೆದು ತೆಗೆಯುವ ಹೈಡ್ರೋಜನ್ ಘಟಕ ಬಂದಿದೆ. ಇದನ್ನೂ ಅಳೆದು ನೋಡಿ. ಪೂರ್ತಿ ಹೈಡ್ರೋಜನ್ನಿಂದ ಒಂದು ಟನ್ ಕಬ್ಬಿಣ ಮಾಡಲು 50ರಿಂದ 60 ಕೆಜಿ ಹೈಡ್ರೋಜನ್ ಬೇಕು. ಅಂದರೆ 3,800 ಟನ್ನಿನಲ್ಲಿ ಹೆಚ್ಚುಕಡಿಮೆ 70 ಸಾವಿರ ಟನ್ ಕಬ್ಬಿಣ. ಆ ಕಾರ್ಖಾನೆಯ ಸಾಮರ್ಥ್ಯ ಸುಮಾರು 1.7 ಕೋಟಿ ಟನ್. ಸಾವಿರದಲ್ಲಿ ನಾಲ್ಕು ಪಾಲು. ಮೊದಲ ಹೆಜ್ಜೆಗೆ ನಾನು ಮನಸಾರೆ ಚಪ್ಪಾಳೆ ತಟ್ಟುತ್ತೇನೆ, ಯಾರಾದರೂ ಶುರು ಮಾಡಲೇಬೇಕಿತ್ತು. ಆದರೆ ಯಾರಾದರೂ ಹಸಿರು ಉಕ್ಕು ಬಂದೇಬಿಟ್ಟಿತು ಅಂದರೆ ಈ ಸಾವಿರದಲ್ಲಿ ನಾಲ್ಕನ್ನು ನೆನಪಿಸಿಕೊಳ್ಳಿ. ಅಂದಹಾಗೆ ಹಸಿರು ಉಕ್ಕು ಅನ್ನೋ ಪದಕ್ಕೂ ಈಗ ಅಳತೆ ಇದೆ. 2024ರ ಡಿಸೆಂಬರಿನಲ್ಲಿ ಕೇಂದ್ರ ಉಕ್ಕು ಸಚಿವಾಲಯ ನಿಯಮ ತಂದಿತು. ಒಂದು ಟನ್ ಉಕ್ಕಿಗೆ ಇಂಗಾಲದ ಡೈಆಕ್ಸೈಡ್ 2.2 ಟನ್ನಿಗಿಂತ ಕಡಿಮೆ ಇದ್ದರೆ ಮಾತ್ರ ಹಸಿರು, 1.6ಕ್ಕಿಂತ ಕೆಳಗೆ ಹೋದರೆ ಐದು ನಕ್ಷತ್ರ.

ಇಷ್ಟೆಲ್ಲ ಯಾಕೆ ಮಾಡುತ್ತಿದ್ದಾರೆ ಅಂತ ನಿಮಗೆ ಅನಿಸಬಹುದು. ಮನಸ್ಸು ಬದಲಾದವರು ಇದ್ದಾರೆ, ನಾನು ಅಂಥವರ ಕೈಕೆಳಗೆ ಕೆಲಸ ಮಾಡಿದ್ದೇನೆ. ಆದರೆ ಮುಖ್ಯ ಕಾರಣ ಮಾರುಕಟ್ಟೆ. ಯುರೋಪ್ ಒಕ್ಕೂಟ 2023ರ ಅಕ್ಟೋಬರಿನಿಂದ ಆಮದು ಉಕ್ಕಿನ ಇಂಗಾಲದ ಲೆಕ್ಕ ಕೇಳಲು ಶುರು ಮಾಡಿತು, 2026ರ ಜನವರಿಯಿಂದ ಅದಕ್ಕೆ ದುಡ್ಡಿನ ಹೊರೆಯೂ ಸೇರಿತು. ಸಾಲ ಕೊಡುವ ಬ್ಯಾಂಕುಗಳೂ ಕೇಳುತ್ತವೆ. ಒತ್ತಡ ಎಲ್ಲಿಂದ ಬರುತ್ತದೋ ಕೆಲಸ ಅಲ್ಲಿಗೇ ಮೊದಲು ಹೋಗುತ್ತದೆ, ಇದು ನಾನು ಕಣ್ಣಾರೆ ಕಂಡದ್ದು. ಇಂಗಾಲದ ಲೆಕ್ಕವನ್ನು ಬ್ರಸೆಲ್ಸಿನಲ್ಲಿ ಕೂತ ಯುರೋಪ್ ಒಕ್ಕೂಟ ಕೇಳುತ್ತದೆ, ಹಾಗಾಗಿ ಅದಕ್ಕೆ ಬೇರೆ ವಿಭಾಗವೇ ಇದೆ. ನಿಮ್ಮ ಊರಿನ ಧೂಳಿನ ಲೆಕ್ಕವನ್ನು ಕೇಳಬೇಕಾದವರು ನೀವೇ.

ಧೂಳಿನ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನನಗೆ ಪಾಠ ಕಲಿಸಿದ್ದು ಅದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಉಕ್ಕಿನ ಘಟಕದಲ್ಲಿದ್ದೆ. ಹೆಸರು ಬೇಡ. ಚಿಮಣಿಯ ಅಳತೆಯೆಲ್ಲ ನಿಯಮದೊಳಗೇ ಇತ್ತು. ಹಾಳೆ ನೋಡಿದರೆ ಎಲ್ಲ ಸರಿ. ಆದರೆ ಪಕ್ಕದ ಊರಿನ ಒಬ್ಬ ಅಜ್ಜಿ ಗೇಟಿಗೆ ಬಂದು ಸೆರಗಿನಲ್ಲಿ ಕಟ್ಟಿಕೊಂಡು ತಂದ ಸಂಡಿಗೆಯನ್ನು ಬಿಚ್ಚಿ ತೋರಿಸಿದರು. ಮಾಳಿಗೆಯ ಮೇಲೆ ಹಿಂದಿನ ದಿನ ಇಟ್ಟ ಸಂಡಿಗೆ. ರಾತ್ರಿ ಹಾಗೇ ಬಿಟ್ಟಿದ್ದರಂತೆ. ಮೇಲೆಲ್ಲ ಬೂದು ಕರಿ ಪುಡಿ. ಬೆರಳಿಂದ ಒರೆಸಿದರೆ ಹೊಳೆಯುತ್ತಿತ್ತು, ಸೀಸದ ಕಡ್ಡಿಯ ಪುಡಿಯ ಹಾಗೆ. ಆ ಹೊಳಪು ನೋಡಿದರೆ ಗೊತ್ತಾಗುತ್ತದೆ, ಅದು ಗ್ರಾಫೈಟ್, ಬಿಸಿ ಕಬ್ಬಿಣ ಸುರಿಯುವ ಜಾಗದಿಂದ ಬಂದದ್ದು. ಅಡುಗೆ ಒಲೆಯದ್ದಲ್ಲ. ಅಜ್ಜಿ ಕೇಳಿದ್ದು ಒಂದೇ ಮಾತು: ಹಗಲು ಬೀಳದ್ದು ರಾತ್ರಿ ಯಾಕೆ ಬೀಳುತ್ತೆ? ವಿಚಾರಿಸಿದಾಗ ಗೊತ್ತಾಯಿತು. ಧೂಳು ಹಿಡಿಯುವ ಬ್ಯಾಗ್ ಫಿಲ್ಟರಿನ ದೊಡ್ಡ ಫ್ಯಾನ್ ಕರೆಂಟ್ ತುಂಬಾ ಎಳೆಯುತ್ತದೆ, ರಾತ್ರಿ ಪಾಳಿಯಲ್ಲಿ ಅದರ ವೇಗ ಇಳಿಸುತ್ತಿದ್ದರು. ಕರೆಂಟ್ ಬಿಲ್ ಕಡಿಮೆ ತೋರಿಸಿದರೆ ಪಾಳಿಯ ಮೇಲ್ವಿಚಾರಕರಿಗೆ ಹೊಗಳಿಕೆ ಸಿಗುತ್ತಿತ್ತು. ಧೂಳಿನ ಲೆಕ್ಕ ಅವರ ಹೆಸರಿನಲ್ಲಿ ಇರಲೇ ಇಲ್ಲ.

ಅಂದಿನಿಂದ ಎಲ್ಲಿ ಹೋದರೂ ನಾನು ಕೇಳುವ ಮೊದಲ ಪ್ರಶ್ನೆ, ಪರಿಸರದ ಅಂಕಿ ಯಾರ ಬಡ್ತಿಗೆ, ಯಾರ ಬೋನಸ್ಸಿಗೆ ಗಂಟು ಹಾಕಿದೆ ಅಂತ. ಪ್ಲಾಂಟ್ ಹೆಡ್‌ನ ಬೋನಸ್ಸು ಬರೀ ಟನ್ನಿನ ಮೇಲೆ ನಿಂತಿದ್ದರೆ ಪರಿಸರ ವಿಭಾಗದವರು ಎಷ್ಟು ಪ್ರಾಮಾಣಿಕರಾದರೂ ರಾತ್ರಿ ಎರಡು ಗಂಟೆಗೆ ಅವರ ಮಾತು ನಡೆಯೋದಿಲ್ಲ. ಕೆಲವು ಕಂಪನಿಗಳ ವರದಿಯಲ್ಲಿ ಇದು ಇರುತ್ತದೆ, ಹಿರಿಯ ಅಧಿಕಾರಿಗಳ ವೇತನದ ಭಾಗದಲ್ಲಿ ಹುಡುಕಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲಿ ಹೆಚ್ಚು ಮಾಲಿನ್ಯದ 17 ಬಗೆಯ ಕೈಗಾರಿಕೆಗಳು ಚಿಮಣಿಗೆ ಆನ್‌ಲೈನ್ ಮಾಪಕ ಹಾಕಬೇಕು ಅಂತ ಹೇಳಿತು. ಉಕ್ಕೂ ಅದರಲ್ಲಿದೆ. ಇದರಿಂದ ತುಂಬಾ ಉಪಯೋಗ ಆಗಿದೆ, ರಾತ್ರಿಯ ಆಟ ಕಷ್ಟವಾಗಿದೆ. ಆದರೆ ಮಾಪಕ ಇರೋದು ಚಿಮಣಿಯಲ್ಲಿ. ಅದಿರಿನ ರಾಶಿಯಿಂದ, ಬೆಲ್ಟ್ ಬದಲಾಗುವ ಜಾಗದಿಂದ, ಒಳರಸ್ತೆಯಿಂದ, ಕುಲುಮೆ ಶೆಡ್ಡಿನ ಛಾವಣಿಯಿಂದ ಏಳುವ ಧೂಳು ಆ ಮಾಪಕಕ್ಕೆ ಕಾಣೋದಿಲ್ಲ. ಕಾರ್ಖಾನೆಯವರು ಅದನ್ನು ಫ್ಯುಜಿಟಿವ್ ಎಮಿಷನ್ ಅನ್ನುತ್ತಾರೆ. ನಿಮ್ಮ ಮಾಳಿಗೆಗೆ ಬೀಳೋದು ಹೆಚ್ಚಾಗಿ ಇದೇ. ಅದಕ್ಕೆ ಊರಿನ ಗಾಳಿಯನ್ನೇ ಅಳೆಯಬೇಕು. ಪಿಎಂ 10, ಪಿಎಂ 2.5 ಅಂದರೆ ಗಾಳಿಯಲ್ಲಿ ತೇಲುವ ಅಷ್ಟು ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಧೂಳಿನ ಕಣ. ಭಾರತದ ಮಾನದಂಡದ ಪ್ರಕಾರ ಪಿಎಂ 10 ದಿನದ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ, ಪಿಎಂ 2.5 ದಿನಕ್ಕೆ 60 ದಾಟಬಾರದು. ವರ್ಷದ ಸರಾಸರಿ 60 ಮತ್ತು 40. ವರದಿಯಲ್ಲಿ ಕಾರ್ಖಾನೆಯ ಒಳಗಿನ ಮಾಪಕದ ಅಂಕಿ ಇದೆಯೋ, ನಿಮ್ಮೂರಲ್ಲಿ ಇಟ್ಟ ಮಾಪಕದ್ದೋ, ಗಾಳಿ ನಿಮ್ಮ ಕಡೆ ಬೀಸುವ ತಿಂಗಳಲ್ಲಿ ಅಳೆದರೋ ಅಂತ ನೋಡಿ.

ಗಿಡ ನೆಟ್ಟ ಲೆಕ್ಕವನ್ನೂ ಹೀಗೇ ಕೇಳಿ. ಎಷ್ಟು ಲಕ್ಷ ನೆಟ್ಟರು ಅನ್ನೋದು ಒಂದು. ಯಾವ ಗಿಡ, ಯಾರ ಜಾಗದಲ್ಲಿ, ಮೂರು ವರ್ಷದ ಮೇಲೆ ಎಷ್ಟು ಬದುಕಿವೆ ಅನ್ನೋದು ಇನ್ನೊಂದು. ನಮ್ಮ ರಾಜ್ಯಕ್ಕೆ ಈ ಪಾಠ ಹೊಸದಲ್ಲ. ಎಂಬತ್ತರ ದಶಕದಲ್ಲಿ ಮರದ ತಿರುಳು ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಂಪನಿ ಮತ್ತು ಸರ್ಕಾರ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಕಂಪನಿ ಮಾಡಿ, ಹಳ್ಳಿಗಳ ಗೋಮಾಳ, ಕಾವಲು ಸೇರಿದಂತೆ ಸುಮಾರು 30,000 ಹೆಕ್ಟೇರ್ ಜಾಗದಲ್ಲಿ ನೀಲಗಿರಿ ಬೆಳೆಸಲು ಹೊರಟವು. ದೂರದಿಂದ ನೋಡಿದರೆ ಅದೂ ಹಸಿರೇ. ಆದರೆ ದನಕ್ಕೆ ಮೇವಿಲ್ಲ, ಸೌದೆಗೆ ಜಾಗವಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ಮಾಡಿದರು. ನೀಲಗಿರಿ ಸಸಿ ಕಿತ್ತರು, ಊರಿಗೆ ಬೇಕಾದ ಗಿಡ ಹಚ್ಚಿದರು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದೆ ನಿಂತು ನಡೆಸಿದ ಹೋರಾಟ ಅದು. 1991ರಲ್ಲಿ ಆ ಕಂಪನಿ ಮುಚ್ಚಿತು. ಅದೇ ಸಂಘಟನೆ ಮುಂದೆ ಬಳ್ಳಾರಿ ಅಕ್ರಮ ಗಣಿಗಾರಿಕೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಯಿತು, 2011ರ ಜುಲೈ 29ರಂದು ಕೋರ್ಟು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು.

ನೀರಿನದ್ದು ಚಿಕ್ಕದಾಗಿ. ಒಂದು ಟನ್ ಉಕ್ಕಿಗೆ ಎಷ್ಟು ಘನ ಮೀಟರ್ ನೀರು, ಎಲ್ಲಿಂದ, ಎಷ್ಟು ಮರುಬಳಕೆ ಅಂತ ಕೋಷ್ಟಕ ಇರುತ್ತದೆ. ತುಂಗಭದ್ರಾ ಅಣೆಕಟ್ಟೆಯಲ್ಲಿ ಹಿಂದೆ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಅದರಲ್ಲೇ ಗಂಗಾವತಿ, ಸಿಂಧನೂರಿನ ಭತ್ತ, ನಿಮ್ಮ ಕಾಲುವೆ, ಕುಡಿಯುವ ನೀರು, ಕೈಗಾರಿಕೆ ಎಲ್ಲ. ಹಾಗಾಗಿ ಕಂಪನಿ ಉಳಿಸಿದ ನೀರನ್ನು ಬರಗಾಲದ ವರ್ಷದಲ್ಲಿ ಏನು ಮಾಡಿತು ಅಂತ ಕೇಳೋದು ನ್ಯಾಯವೇ.

ಈಗ ಜನರ ವಿಷಯ. ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022-23ರಿಂದ ಷೇರುಪೇಟೆಯ ಮೊದಲ 1,000 ಕಂಪನಿಗಳಿಗೆ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ) ಕಡ್ಡಾಯ ಮಾಡಿದೆ. ಫೋಟೋ ಇಲ್ಲದ, ನೋಡಲು ಬೇಸರ ತರಿಸುವ ವರದಿ ಅದು, ಆದರೆ ನನ್ನ ಲೆಕ್ಕದಲ್ಲಿ ಅದೇ ಚಿನ್ನ. ವಾರ್ಷಿಕ ವರದಿಯ ಕೊನೆಯ ಕಡೆ ಇರುತ್ತದೆ. ಅದರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಪ್ರಶ್ನೆಗಳು, ಒಂದೇ ಕೋಷ್ಟಕ, ಹಾಗಾಗಿ ಈ ಕಂಪನಿಯದ್ದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು. ಶುರುವಿನಲ್ಲೇ ಕಾಯಂ ಕೆಲಸಗಾರರು ಎಷ್ಟು, ಕಾಯಂ ಅಲ್ಲದವರು ಎಷ್ಟು ಅಂತ ಇರುತ್ತದೆ. ನಿಮ್ಮ ತಮ್ಮ ಈ ಎರಡನೆಯ ಸಾಲಿನಲ್ಲಿದ್ದಾನೆ. ಭಾರಿ ಕೈಗಾರಿಕೆಗಳಲ್ಲಿ ಎಷ್ಟೋ ಕಡೆ ಈ ಎರಡನೆಯ ಸಾಲೇ ದೊಡ್ಡದು. ಆಮೇಲೆ ವರದಿಯ ವಿಭಾಗಗಳಲ್ಲಿ ಮೂರನೇ ತತ್ವ (ಪ್ರಿನ್ಸಿಪಲ್ 3) ಅಂತ ಇರುವುದರ ಕೆಳಗೆ ಸುರಕ್ಷತೆಯ ಕೋಷ್ಟಕ ಹುಡುಕಿ. ಹತ್ತು ಲಕ್ಷ ಕೆಲಸದ ಗಂಟೆಗೆ ಎಷ್ಟು ಗಾಯ, ಎಷ್ಟು ಸಾವು. ನೌಕರರದ್ದು ಬೇರೆ, ಕಾರ್ಮಿಕರದ್ದು ಬೇರೆ. ಗುತ್ತಿಗೆಯವರನ್ನು ಈ ಲೆಕ್ಕದಲ್ಲಿ ಸೇರಿಸಿದ್ದಾರಾ ಅಂತ ಅಡಿಟಿಪ್ಪಣಿ ನೋಡಿ. ಸಾವಿನ ಸಾಲಿನಲ್ಲಿ ಸೊನ್ನೆ ಇಲ್ಲದಿದ್ದರೆ ಬೇರೆ ಏನೇ ಪ್ರಶಸ್ತಿ ಬಂದಿದ್ದರೂ ನನಗೆ ಆ ವರ್ಷ ಆ ಕಂಪನಿ ಪಾಸಾಗಿಲ್ಲ. ಎತ್ತರದಲ್ಲಿ ಕೆಲಸ, ಅನಿಲದ ಕೊಳವೆಯ ದುರಸ್ತಿ, ಕುಲುಮೆಯ ಶಟ್‌ಡೌನ್ ಕೆಲಸಗಳಿಗೆ ಕಳಿಸೋದು ಹೆಚ್ಚಾಗಿ ಗುತ್ತಿಗೆಯವರನ್ನೇ. ಅವರ ತರಬೇತಿ ಎಷ್ಟು ಗಂಟೆ ಅಂತ ಕೂಡ ನೋಡಿ.

ಇಂಥ ಕಾಳಜಿ ಲಾಭ ಬಂದ ಮೇಲೆ ಮಾಡೋದು ಅಂತ ಕೆಲವರು ವಾದಿಸುತ್ತಾರೆ. ಜೆಮ್‌ಷೆಡ್‌ಪುರದ ಟಾಟಾ ಕಾರ್ಖಾನೆ ಮೊದಲ ಉಕ್ಕು ತೆಗೆದ ವರ್ಷ 1912. ಅದೇ ವರ್ಷ ಎಂಟು ಗಂಟೆಯ ಪಾಳಿ ತಂದಿತು. ಭವಿಷ್ಯ ನಿಧಿ 1920ರಲ್ಲಿ ಬಂತು. ದೇಶದಲ್ಲಿ ಇದಕ್ಕೆಲ್ಲ ಕಾನೂನು ಬರುವುದಕ್ಕೆ ಎಷ್ಟೋ ವರ್ಷ ಮೊದಲು.

ಜಮೀನಿನ ಪ್ರಶ್ನೆ ವರದಿಗಳಲ್ಲಿ ತುಂಬಾ ಕಡಿಮೆ ಬರುತ್ತದೆ, ಅದು ನನಗೆ ಬೇಸರದ ಸಂಗತಿ. ಬಳ್ಳಾರಿ ಹತ್ತಿರದ ಕುಡತಿನಿ ನಿಮಗೆ ಗೊತ್ತೇ ಇದೆ. 2010ರ ಸುಮಾರಿಗೆ ಆರ್ಸೆಲರ್ ಮಿತ್ತಲ್ ಸೇರಿದಂತೆ ಉಕ್ಕಿನ ಕಾರ್ಖಾನೆಗಳಿಗೆ ಅಂತ ಸಾವಿರಾರು ಎಕರೆ ಸ್ವಾಧೀನ ಆಯಿತು. ಕಾರ್ಖಾನೆ ಬರಲಿಲ್ಲ. ರೈತರು 2022ರ ಡಿಸೆಂಬರಿನಿಂದ ಧರಣಿ ಕೂತರು. ಭೂಮಿಯೂ ಇಲ್ಲ, ಕೆಲಸವೂ ಇಲ್ಲ. ಕೊಪ್ಪಳದಲ್ಲಿ 2025ರ ಫೆಬ್ರುವರಿಯಲ್ಲಿ ಗವಿಮಠದ ಸ್ವಾಮೀಜಿ ಮುಂದೆ ನಿಂತು ಊರಿಗೆ ಅಂಟಿಕೊಂಡು ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಅಂದಾಗ ಸಾವಿರಾರು ಜನ ಬೀದಿಗೆ ಬಂದರು. ಜನರ ಒಪ್ಪಿಗೆಯನ್ನು ಕಂಪನಿಗಳು ಸಾರ್ವಜನಿಕ ಅಹವಾಲಿನ ಒಂದು ದಿನದ ಶಾಸ್ತ್ರ ಅಂದುಕೊಂಡರೆ ಹೀಗೇ ಆಗೋದು. ಒಪ್ಪಿಗೆ ಅನ್ನೋದು ಪ್ರತಿವರ್ಷ ಗಳಿಸಬೇಕಾದದ್ದು.

ಇನ್ನು ನಿಮ್ಮ ಕೈಗೆ ಸಿಗುವ ಕಾಗದಗಳನ್ನು ಹೇಳಿಬಿಡುತ್ತೇನೆ. ಕಂಪನಿ ಷೇರುಪೇಟೆಯಲ್ಲಿ ಇಲ್ಲದಿದ್ದರೆ ಬಿಆರ್‌ಎಸ್‌ಆರ್ ಸಿಗೋದಿಲ್ಲ, ಆದರೆ ಇವು ಸಿಗುತ್ತವೆ. ಪರಿಸರ ಅನುಮತಿ ಪಡೆದ ಪ್ರತಿ ಕಾರ್ಖಾನೆ ಅದರ ಷರತ್ತುಗಳನ್ನು ಪಾಲಿಸಿದ ವರದಿಯನ್ನು ಆರು ತಿಂಗಳಿಗೊಮ್ಮೆ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಕೊಡಬೇಕು. ಪರಿಸರ ಅನುಮತಿಯ 2006ರ ಕೇಂದ್ರ ಅಧಿಸೂಚನೆಯ ಪ್ರಕಾರ ಅದು ಸಾರ್ವಜನಿಕ ದಾಖಲೆ. ಪ್ರತಿವರ್ಷ ಸೆಪ್ಟೆಂಬರ್ 30ರ ಒಳಗೆ ಫಾರ್ಮ್ 5 ಅಂತ ಪರಿಸರ ಹೇಳಿಕೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬೇಕು, ಅದರಲ್ಲಿ ನೀರು, ಕಚ್ಚಾವಸ್ತು, ತ್ಯಾಜ್ಯ ಎಲ್ಲದರ ಲೆಕ್ಕ ಇರುತ್ತದೆ. ವೆಬ್‌ಸೈಟಿನಲ್ಲಿ ಸಿಗದಿದ್ದರೆ ಮಂಡಳಿಯ ಪ್ರಾದೇಶಿಕ ಕಚೇರಿಗೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ. ಹೊಳಪಿನ ಪುಸ್ತಕದ ಅಂಕಿಯನ್ನು ಈ ಕಾಗದದ ಅಂಕಿಯ ಜೊತೆ ಹೋಲಿಸಿ. ಎರಡೂ ಒಂದೇ ಆಗಿದ್ದರೆ ನಾನು ಆ ಕಂಪನಿಯನ್ನು ಅರ್ಧ ನಂಬುತ್ತೇನೆ. ಉಳಿದರ್ಧಕ್ಕೆ ಮಾಳಿಗೆ ಇದೆ. ಮಕ್ಕಳ ಕೈಯಲ್ಲಿ ಒಂದು ಬಿಳಿ ತಟ್ಟೆಗೆ ವ್ಯಾಸಲೀನ್ ತೆಳ್ಳಗೆ ಸವರಿಸಿ ಶಾಲೆಯ ಮೇಲೆ 24 ಗಂಟೆ ಇಡಿಸಿ, ತಾರೀಖು ಮತ್ತು ಗಾಳಿಯ ದಿಕ್ಕು ಬರೆದಿಡಿ. ಕೋರ್ಟಿಗೆ ಸಾಕ್ಷಿ ಆಗೋದಿಲ್ಲ. ಆದರೆ ಮೂರು ತಿಂಗಳ ತಟ್ಟೆಗಳ ಫೋಟೋ ಮುಂದಿಟ್ಟು ಮಾತಾಡಿದರೆ ಕಾರ್ಖಾನೆಯ ಎಂಜಿನಿಯರ್ ಕೇಳಿಸಿಕೊಳ್ಳುತ್ತಾನೆ, ನಾನು ಆ ಕುರ್ಚಿಯಲ್ಲಿ ಕೂತವನು.

ತಮ್ಮನಿಗೂ ಒಂದು ಮಾತು ಹೇಳಿ. ಗೇಟ್ ಪಾಸಿನ ಎರಡೂ ಬದಿಯ ಫೋಟೋ ತೆಗೆದು ಮನೆಯಲ್ಲಿ ಇಡಲಿ, ಗುತ್ತಿಗೆದಾರರ ಹೆಸರು ಅದರಲ್ಲಿ ಇರುತ್ತದೆ. ಪಿಎಫ್ ಪಾಸ್‌ಬುಕ್ ತಿಂಗಳಿಗೊಮ್ಮೆ ಮೊಬೈಲಿನಲ್ಲಿ ತೆಗೆದು ನೋಡಲಿ. ಸಂಬಳ 21,000 ರೂಪಾಯಿ ಒಳಗಿದ್ದರೆ ಇಎಸ್‌ಐ ಕಾರ್ಡ್ ಇರಲೇಬೇಕು, ಮನೆಯವರ ಹೆಸರೂ ಅದರಲ್ಲಿ ಸೇರಿರಬೇಕು. ಗುತ್ತಿಗೆದಾರ ಸಂಬಳ ಕೊಡದೆ ಹೋದರೆ ಕಾನೂನಿನ ಪ್ರಕಾರ ಅದನ್ನು ಕೊಡುವ ಹೊಣೆ ಕಾರ್ಖಾನೆಯದ್ದೇ.

ತಟ್ಟೆಗಳ ಫೋಟೋ ಬಂದಾಗ ನನಗೂ ಕಳಿಸಿ. ಧೂಳಿನ ಬಣ್ಣ ಮತ್ತು ಹೊಳಪು ನೋಡಿ ಕಾರ್ಖಾನೆಯ ಯಾವ ಭಾಗದಿಂದ ಬಂದಿರಬಹುದು ಅಂತ ಹೇಳಲು ಪ್ರಯತ್ನಿಸುತ್ತೇನೆ.